ಬೂದಿ ಬಣ್ಣಕ್ಕೆ ತಿರುಗಿದ ಬಂಪರ್ ಮತ್ತೆ ಕಪ್ಪಾಗುತ್ತದಾ?

ಪ್ರಶ್ನೆ: ಸರ್, ನನ್ನದು ಹಳೇ ಕಾರು. ಬಾಡಿ ಪೇಂಟ್ ಇನ್ನೂ ಚೆನ್ನಾಗಿದೆ. ಆದರೆ ಪೇಂಟ್ ಇಲ್ಲದ ಕಪ್ಪು ಭಾಗಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿವೆ. ಬಂಪರಿನ ಕೆಳಭಾಗ, ಸೈಡ್ ಮಿರರ್ ಬುಡ, ವೈಪರ್ ಕೆಳಗಿನ ಪ್ಲಾಸ್ಟಿಕ್, ಎಲ್ಲ. ಟೈರ್ ಪಾಲಿಶ್ ಹಚ್ಚಿದರೆ ಫಳಫಳ ಹೊಳೆಯುತ್ತದೆ. ಒಂದು ಮಳೆ ಬಂದರೆ ಮತ್ತೆ ಅದೇ ಕಥೆ, ಜೊತೆಗೆ ಬಾಗಿಲ ಮೇಲೆ ಜಿಡ್ಡಿನ ಗೆರೆ ಬೇರೆ. ವಿಡಿಯೊಗಳಲ್ಲಿ ಹೀಟ್ ಗನ್ (ಬಿಸಿ ಗಾಳಿ ಊದುವ ಯಂತ್ರ) ಹಿಡಿದು ನೋಡನೋಡುತ್ತಲೇ ಕಪ್ಪು ಮಾಡುತ್ತಾರೆ. ನಾನೂ ಮಾಡಬಹುದಾ? ಬಾಗಿಲ ಬೀಡಿಂಗ್ ರಬ್ಬರ್ ಕೂಡ ಒಣಗಿದ ಹಾಗಿದೆ.

ಉತ್ತರ (ಡೀಟೇಲಿಂಗ್, ಅಂದರೆ ಕಾರು ತೊಳೆದು ಹೊಳಪು ಕೊಡುವ ಕೆಲಸದವರು): ಏನನ್ನೂ ಕೊಳ್ಳುವ ಮೊದಲು ಅದು ಯಾವ ಬೂದಿ ಅಂತ ನೋಡಿಕೊಳ್ಳಿ. ಬಟ್ಟೆಗೆ ಸ್ವಲ್ಪ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒಂದು ಮೂಲೆಯಲ್ಲಿ ಉಜ್ಜಿ, ಒಣಗಲು ಬಿಡಿ. ಒಣಗಿದ ಮೇಲೂ ಕಪ್ಪಾಗಿಯೇ ಇದ್ದರೆ ಅದು ಹಳೇ ವ್ಯಾಕ್ಸ್ ಅಥವಾ ಪಾಲಿಶ್ ಕೂತಿದ್ದು ಅಷ್ಟೇ. ಪ್ಲಾಸ್ಟಿಕ್ಕಿಗೆ ಏನೂ ಆಗಿಲ್ಲ. ಒದ್ದೆ ಇದ್ದಾಗ ಕಪ್ಪು, ಒಣಗಿದಾಗ ಮತ್ತೆ ಬೂದಿ ಅಂತಾದರೆ ಮೇಲ್ಪದರ ಹಾಳಾಗಿದೆ.

ಈ ಭಾಗಗಳು ಹೆಚ್ಚಾಗಿ ಪಾಲಿಪ್ರೊಪೈಲೀನ್ ಅನ್ನುವ ಪ್ಲಾಸ್ಟಿಕ್. ಬಂಪರಿಗೆ ಪೆಟ್ಟು ತಡೆಯಲಿ ಅಂತ ಸ್ವಲ್ಪ ರಬ್ಬರನ್ನೂ ಬೆರೆಸಿರುತ್ತಾರೆ. ಕಪ್ಪು ಬಣ್ಣ ಕೊಡುವುದು ಒಳಗೆ ಸೇರಿಸಿರುವ ಕಾರ್ಬನ್ ಬ್ಲ್ಯಾಕ್, ಅಂದರೆ ಮಸಿಯಂಥ ಕಪ್ಪು ಪುಡಿ. ಅದು ಅಷ್ಟು ಸುಲಭವಾಗಿ ಮಾಸುವುದಿಲ್ಲ. ಹಾಳಾಗುವುದು ಅದರ ಸುತ್ತ ಇರುವ ಪ್ಲಾಸ್ಟಿಕ್. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಮೇಲ್ಮೈಯನ್ನು ಒಡೆಯುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕು ಬೀಳುತ್ತದೆ, ಬೆಳಕು ಅಲ್ಲಿ ಚದುರುತ್ತದೆ, ನಮಗೆ ಬೂದಿ ಕಾಣುತ್ತದೆ. ಒಣ ಮಣ್ಣಿಗೆ ನೀರು ಚಿಮುಕಿಸಿದರೆ ಕಪ್ಪಾಗುತ್ತದಲ್ಲ, ಟೈರ್ ಪಾಲಿಶ್ ಮಾಡುವುದೂ ಅಷ್ಟೇ. ಬಿರುಕಿನಲ್ಲಿ ಎಣ್ಣೆ ಇರುವ ತನಕ ಕಪ್ಪು. ತೊಳೆದುಹೋದರೆ ಮುಗಿಯಿತು.

ನಿಮ್ಮ ವಿಷಯದಲ್ಲಿ ಮೊದಲ ಕೆಲಸ ಆ ಪಾಲಿಶ್ ಪೂರ್ತಿ ತೆಗೆಯುವುದು. ಹಚ್ಚುವುದು ಸುಲಭ, ಶ್ರಮ ಇರುವುದೆಲ್ಲ ಇಲ್ಲೇ. ಆಲ್ ಪರ್ಪಸ್ ಕ್ಲೀನರನ್ನು ಬಾಟಲಿ ಮೇಲೆ ಹೇಳಿದಷ್ಟು ನೀರು ಬೆರೆಸಿ, ನೆರಳಿನಲ್ಲಿ, ಮೆತ್ತನೆ ನೈಲಾನ್ ಬ್ರಷ್‌ನಿಂದ ಉಜ್ಜಿ. ಸಂದಿಗಳಿಗೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಅದು ಒಣಗುವ ಮೊದಲೇ ತೊಳೆಯಿರಿ. ನೀರು ಹನಿ ಹನಿಯಾಗಿ ನಿಲ್ಲುತ್ತಿದ್ದರೆ ಪಾಲಿಶ್‌ನಲ್ಲಿದ್ದ ಸಿಲಿಕೋನ್ ಇನ್ನೂ ಇದೆ ಅಂತ ಅರ್ಥ, ಮತ್ತೆ ಉಜ್ಜಿ. ತೆಳುವಾಗಿ ಹರಡಿಕೊಂಡರೆ ಶುದ್ಧವಾಗಿದೆ. ಆಮೇಲೆ ಪೂರ್ತಿ ಒಣಗಬೇಕು. ಸಂದಿಯಲ್ಲಿ ಉಳಿದ ನೀರು ಆಮೇಲೆ ಇಳಿದು ಬಂದು ಎಲ್ಲ ಕೆಡಿಸುತ್ತದೆ.

ಪೇಂಟ್ ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಆಲ್ಕೋಹಾಲಿನಲ್ಲಿ ಒಮ್ಮೆ ಒರೆಸಿ, ಟ್ರಿಮ್ ಕೋಟಿಂಗ್ (ಪೇಂಟ್ ಇಲ್ಲದ ಪ್ಲಾಸ್ಟಿಕ್ಕಿಗೆ ಹಚ್ಚುವ ರಕ್ಷಣೆಯ ಲೇಪ) ಹಚ್ಚಿ. ಸೆರಾಮಿಕ್ ಕೋಟಿಂಗ್ ಅಂತ ಮಾರುವ ಬಗೆ. ಒಂದು ಸಲಕ್ಕೆ ಒಂದು ಗೇಣು ಜಾಗ ಮಾತ್ರ. ಜಾಸ್ತಿಯಾದದ್ದನ್ನು ಗಟ್ಟಿಯಾಗುವ ಮೊದಲೇ ಒರೆಸಿ, ಇಲ್ಲದಿದ್ದರೆ ಪಟ್ಟೆ ಪಟ್ಟೆ ಉಳಿಯುತ್ತದೆ. 24 ಗಂಟೆ ನೀರು ತಾಗಿಸಬೇಡಿ. ಚೆನ್ನಾಗಿ ಕೂತರೆ ಒಂದು ವರ್ಷಕ್ಕೆ ಮೋಸವಿಲ್ಲ. ನೀರು ಆಧಾರಿತ ಡ್ರೆಸ್ಸಿಂಗ್ (ಹೊಳಪಿನ ದ್ರವ) ಕೂಡ ತಪ್ಪಲ್ಲ, ಜಿಡ್ಡಿರುವುದಿಲ್ಲ. ಆದರೆ ಕೆಲವು ವಾರಕ್ಕೊಮ್ಮೆ ಹಚ್ಚುತ್ತಲೇ ಇರಬೇಕು.

ಹೀಟ್ ಗನ್ ಬೇಡ ಅಂತಲೇ ಹೇಳುತ್ತೇನೆ. ವಿಡಿಯೊದಲ್ಲಿ ಕಾಣುವುದು ಸುಳ್ಳಲ್ಲ. ಮೇಲ್ಪದರ ಕರಗಿ ಬಿರುಕು ಮುಚ್ಚಿಕೊಳ್ಳುತ್ತದೆ, ಅದಕ್ಕೇ ಕಪ್ಪು. ಆದರೆ ಪಾಲಿಪ್ರೊಪೈಲೀನ್ ಸುಮಾರು 160 ಡಿಗ್ರಿಯಲ್ಲಿ ಕರಗುತ್ತದೆ, ಹೀಟ್ ಗನ್‌ನಿಂದ 500 ಡಿಗ್ರಿ ತನಕ ಗಾಳಿ ಬರುತ್ತದೆ. ಒಂದೇ ಕಡೆ ಸ್ವಲ್ಪ ನಿಂತರೂ ಬಂಪರ್ ಸೊಟ್ಟ, ಪಕ್ಕದ ಪೇಂಟ್‌ನಲ್ಲಿ ಗುಳ್ಳೆ. ಮೇಲಿನ ತರಿ ತರಿ ಹೋಗಿ ಅಲ್ಲಲ್ಲಿ ನುಣ್ಣಗಾಗುತ್ತದೆ. ಹೊಸ ರಕ್ಷಣೆ ಏನೂ ಸೇರಿರುವುದಿಲ್ಲವಾದ್ದರಿಂದ ಬಿಸಿಲು ಮತ್ತೆ ತನ್ನ ಕೆಲಸ ಮಾಡುತ್ತದೆ. ವಿಡಿಯೊದವರು ಆರು ತಿಂಗಳಾದ ಮೇಲೆ ಆ ಬಂಪರ್ ತೋರಿಸಿದ್ದನ್ನು ನೀವು ನೋಡಿದ್ದೀರಾ?

ಇನ್ನೊಬ್ಬ ಸದಸ್ಯರು: ನಮ್ಮ ಮೆಕ್ಯಾನಿಕ್ ಬೀಡಿಂಗಿಗೆ ಸೀಮೆಎಣ್ಣೆ ಇಲ್ಲವೇ ಡೀಸೆಲ್ ಒರೆಸಿ ಅನ್ನುತ್ತಾರೆ. ಹೊಸದರ ಹಾಗೆ ಕಾಣುತ್ತೆ ನಿಜ.

ಉತ್ತರ: ಅಂದು ಕಾಣುತ್ತೆ. ಬಾಗಿಲ ಬೀಡಿಂಗ್ ಸಾಮಾನ್ಯವಾಗಿ ಇಪಿಡಿಎಂ ಅನ್ನುವ ಕೃತಕ ರಬ್ಬರ್. ಬಿಸಿಲು, ಓಜೋನ್, ನೀರು ಎಲ್ಲ ತಡೆಯುತ್ತದೆ. ತಡೆಯದಿರುವುದು ಪೆಟ್ರೋಲಿಯಂ ಎಣ್ಣೆಯನ್ನು. ಹೀರಿಕೊಂಡು ಊದಿ ಮೆತ್ತಗಾಗುತ್ತದೆ, ಆಕಾರ ಕೆಡುತ್ತದೆ. ಸೀಮೆಎಣ್ಣೆ, ಡೀಸೆಲ್, ಗ್ರೀಸ್ ಯಾವುದೂ ಬೇಡ. ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಬಟ್ಟೆಗೆ ಸಿಲಿಕೋನ್ ಸ್ಪ್ರೇ ಹಾಕಿ ತೆಳುವಾಗಿ ಸವರಿ. ನೇರವಾಗಿ ಸ್ಪ್ರೇ ಮಾಡಬೇಡಿ. ಸಿಲಿಕೋನ್ ಪೇಂಟ್ ಮೇಲೆ ಬಿದ್ದರೆ, ಮುಂದೆ ಆ ಜಾಗಕ್ಕೆ ಪೇಂಟ್ ಹೊಡೆಸುವಾಗ ಸಣ್ಣ ಸಣ್ಣ ಕುಳಿ ಬೀಳುತ್ತದೆ. ಪೇಂಟರ್ ಬೈಯುವುದು ಯಾಕೆ ಅಂತ ಆಗ ಗೊತ್ತಾಗುತ್ತದೆ!

ಬಿರುಕು ಬಿಟ್ಟ ರಬ್ಬರನ್ನು ಯಾವ ಬಾಟಲಿಯೂ ಕೂಡಿಸುವುದಿಲ್ಲ. ಗೊತ್ತಾಗದಿದ್ದರೆ ಒಂದು ಕಾಗದದ ಪಟ್ಟಿ ಇಟ್ಟು ಬಾಗಿಲು ಹಾಕಿ ಎಳೆದು ನೋಡಿ. ಬಿಗಿಯಿಲ್ಲದೆ ಜಾರಿ ಬಂದರೆ ರಬ್ಬರ್ ಚಪ್ಪಟೆಯಾಗಿರಬಹುದು, ಇಲ್ಲವೇ ಬಾಗಿಲೇ ಸರಿಯಾಗಿ ಕೂತಿಲ್ಲ. ಬಾಗಿಲು ಸರಿಯಿದ್ದರೆ ಬೀಡಿಂಗ್ ಬದಲಿಸಿ.

ಮತ್ತೊಬ್ಬರು: ಇಷ್ಟೆಲ್ಲ ಯಾಕೆ ಸರ್, ಸುಮ್ನೆ ಕಪ್ಪು ಸ್ಪ್ರೇ ಪೇಂಟ್ ಹೊಡೆದರೆ ಆಗಲ್ವಾ?

ಉತ್ತರ: ಆಗುತ್ತದೆ, ಆದರೆ ಈ ಪ್ಲಾಸ್ಟಿಕ್ಕಿಗೆ ಪೇಂಟ್ ಸುಲಭವಾಗಿ ಅಂಟುವುದಿಲ್ಲ. ಮೊದಲು ಅಡ್ಹೀಷನ್ ಪ್ರೊಮೋಟರ್ (ಪೇಂಟ್ ಅಂಟಿಕೊಳ್ಳಲು ಹೊಡೆಯುವ ತಳಕೋಟು) ಹೊಡೆಯದಿದ್ದರೆ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ತುಂಬ ಗೀರು ಬಿದ್ದಿರುವ, ಹೀಟ್ ಗನ್‌ನಿಂದ ಆಗಲೇ ಹಾಳಾಗಿರುವ ಭಾಗಕ್ಕೆ ಮಾತ್ರ ನಾನು ಆ ದಾರಿ ಹಿಡಿಯುತ್ತೇನೆ.

ಮೊದಲು ಕೇಳಿದವರು: ಆಲ್ಕೋಹಾಲ್ ಹಾಕಿ ನೋಡಿದೆ ಸರ್. ಮಿರರ್ ಬುಡ ಕಪ್ಪಾಗಿಯೇ ಉಳಿಯಿತು. ಬಂಪರ್ ಮತ್ತೆ ಬೂದಿಯಾಯಿತು.

ಉತ್ತರ: ಹಾಗಾದರೆ ಮಿರರ್ ಬುಡ ತೊಳೆದು ಬಿಡಿ, ಸಾಕು. ಕೋಟಿಂಗ್ ಬಂಪರಿಗೆ ಮತ್ತು ವೈಪರ್ ಕೆಳಗಿನ ಪ್ಲಾಸ್ಟಿಕ್ಕಿಗೆ. ಮೊದಲು ಹಿಂದಿನ ಬಂಪರಿನ ಕೆಳಗೆ, ಕಾಣದ ಜಾಗದಲ್ಲಿ ಹಚ್ಚಿ ನೋಡಿ. ವೈಪರ್ ಬ್ಲೇಡಿನ ರಬ್ಬರಿಗೆ ಮಾತ್ರ ಏನೂ ತಾಗಬಾರದು, ಮಳೆಯಲ್ಲಿ ಗಾಜು ಮಸುಕಾಗುತ್ತದೆ.