ಮಂಡಕ್ಕಿಯಲ್ಲಿ ಅಪ್ಪು ಮುಖ ಮಾಡಬೇಕು, ಗೊತ್ತಿರೋರು ಸ್ವಲ್ಪ ಹೇಳಿ

ಪಿಬಿ ರೋಡ್ ಹುಡುಗ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಮಾರ್ಚ್ 17ಕ್ಕೆ ಅಪ್ಪು ಹುಟ್ಟುಹಬ್ಬ ಅಲ್ವಾ, ನಮ್ಮ ಏರಿಯಾ ಹುಡುಗರೆಲ್ಲ ಸೇರಿ ಈ ಸಲ ಏನಾದರೂ ಬೇರೆ ಥರ ಮಾಡೋಣ ಅಂತಿದ್ದೇವೆ. ಫ್ಲೆಕ್ಸು, ಕೇಕು, ಅನ್ನಸಂತರ್ಪಣೆ ಪ್ರತಿ ವರ್ಷ ಇದ್ದಿದ್ದೇ. ಶಾಲೆ ಮೈದಾನದಲ್ಲಿ ಮಂಡಕ್ಕಿ ಹರಡಿ ದೊಡ್ಡದಾಗಿ ಮುಖ ಮಾಡಿ ಮೇಲಿಂದ ಫೋಟೋ ತೆಗೀಬೇಕು ಅನ್ನೋದು ಪ್ಲಾನು. ಅಳತೆ 15 ಅಡಿ ಅಗಲ, 20 ಅಡಿ ಉದ್ದ. ದಾವಣಗೆರೆ ಅಂದಮೇಲೆ ಮಂಡಕ್ಕಿ ಬಿಟ್ಟು ಇನ್ನೇನು ಹಿಡಿಯೋದು ಹೇಳಿ.

ನಮ್ಮಲ್ಲಿ ಯಾರೂ ಚಿತ್ರಕಲೆ ಕಲಿತವರಲ್ಲ. ಮೊಳೆ ಹೊಡೆದು ದಾರ ಸುತ್ತಿ ಮುಖ ಬರಿಸೋರು, ರೂಬಿಕ್ಸ್ ಕ್ಯೂಬ್ ಜೋಡಿಸೋರು, ಇಂಥ ವಿಡಿಯೋ ನೋಡಿ ಹುಚ್ಚು ಹಿಡಿದಿದ್ದು ಅಷ್ಟೇ. ಮಂಡಕ್ಕಿ ಪೂರ್ತಿ ಬಿಳಿ. ಕೂದಲು, ಹುಬ್ಬು, ಕೆನ್ನೆಯ ನೆರಳು ಇದೆಲ್ಲ ಹೇಗೆ ತರೋದು? ಬಣ್ಣ ಹಾಕಬೇಕಾ?

ಇನ್ನೊಂದು. ನಮ್ಮ ಗೆಳೆಯ ಒಬ್ಬ "ಇದೆಲ್ಲ ಸುಮ್ನೆ ಗಿಮಿಕ್ಕು ಕಣ್ರೋ, ಕಲೆ ಅಲ್ಲ" ಅಂತ ನಗ್ತಾನೆ. ಇಂಥ ಸಾಮಾನು ಇಟ್ಟುಕೊಂಡು ಸೀರಿಯಸ್ ಆಗಿ ಕೆಲಸ ಮಾಡಿರೋ ಕಲಾವಿದರು ಇದ್ದಾರಾ? ಇದ್ದರೆ ಹೆಸರು ಹೇಳಿ, ಅವನ ಮುಖಕ್ಕೆ ಹಿಡೀತೀನಿ.

ಕೋಟೆ ಕೆಳಗಿನವಳು, ಚಿತ್ರದುರ್ಗ

ಇದ್ದಾರೆ, ಬೇಕಾದಷ್ಟು ಜನ ಇದ್ದಾರೆ. ನಾನು ದಾವಣಗೆರೆ ದೃಶ್ಯಕಲಾ ಕಾಲೇಜಲ್ಲೇ ಓದಿದವಳು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಿಮ್ಮ ಮೊದಲನೇ ಪ್ರಶ್ನೆಗೆ ಬ್ರೆಜಿಲ್‌ನ ವಿಕ್ ಮುನಿಜ್ ಅನ್ನೋರ ಕೆಲಸದಲ್ಲೇ ಉತ್ತರ ಇದೆ. ಅವರು 1996ರಲ್ಲಿ ಸಕ್ಕರೆಯಲ್ಲಿ ಮಕ್ಕಳ ಮುಖ ಮಾಡಿದರು. ಕೆರಿಬಿಯನ್‌ನ ಸೇಂಟ್ ಕಿಟ್ಸ್ ದ್ವೀಪದಲ್ಲಿ ಕಬ್ಬಿನ ತೋಟದ ಕೂಲಿಗಳ ಮಕ್ಕಳು ಅವು. ಕಪ್ಪು ಕಾಗದದ ಮೇಲೆ ಸಕ್ಕರೆ ಉದುರಿಸಿದ್ದು. ಬೆಳಕು ಬೀಳೋ ಕಡೆ ದಟ್ಟ, ನೆರಳಿಗೆ ತೆಳು, ಕೂದಲಿಗೆ ಏನೂ ಇಲ್ಲ, ಬರೀ ಕಾಗದ. ಬಣ್ಣ ಹಚ್ಚೋ ಮಾತೇ ಇಲ್ಲ. ನೀವೂ ಹಾಗೇ ಮಾಡಿ, ಕೆಳಗೆ ಕಪ್ಪು ಬಟ್ಟೆ ಹಾಸಿ. ಮಂಡಕ್ಕಿ ಬೆಳಕಿನ ಕೆಲಸ ಮಾಡುತ್ತೆ, ನೆರಳನ್ನ ಬಟ್ಟೆ ನೋಡ್ಕೊಳುತ್ತೆ. ಮುನಿಜ್ ಆ ಚಿತ್ರದ ಫೋಟೋ ತೆಗೆದು ಆ ಫೋಟೋವನ್ನೇ ಕೃತಿ ಅಂತ ಇಟ್ಟರು. ನಿಮ್ಮದೂ ಕೊನೆಗೆ ಉಳಿಯೋದು ಫೋಟೋನೇ, ಆದ್ದರಿಂದ ಅದಕ್ಕೆ ಈಗಲೇ ತಯಾರಿ ಮಾಡ್ಕೊಳಿ.

ಅವರದೇ ಇನ್ನೊಂದು ಕೆಲಸ ರಿಯೋ ಹತ್ತಿರ ಜಾರ್ಡಿಮ್ ಗ್ರಮಾಚೋ ಅನ್ನೋ ದೊಡ್ಡ ಕಸದ ಗುಡ್ಡೆಯಲ್ಲಿ. ಅಲ್ಲಿ ಕಸ ಆಯೋರನ್ನೇ ಕೂರಿಸಿ ಫೋಟೋ ತೆಗೆದು, ದೊಡ್ಡ ಶೆಡ್ಡಿನ ನೆಲದ ಮೇಲೆ ಅದೇ ಜನರ ಜೊತೆ ಸೇರಿ, ಅವರು ಆಯ್ದ ಕಸದಲ್ಲೇ ಆ ಮುಖಗಳನ್ನ ಮಾಡಿದರು. ಮೇಲೆ ಹತ್ತಿ ಫೋಟೋ ತೆಗೆದರು. ಅದರಲ್ಲಿ ಒಂದು ಲಂಡನ್‌ನ ಹರಾಜಿನಲ್ಲಿ ಮಾರಾಟವಾಯಿತು, ದುಡ್ಡು ಕಸ ಆಯೋರ ಸಂಘಕ್ಕೆ ಹೋಯಿತು.

ಈಗ ಹತ್ತಿರದವರ ಹೆಸರು. ಶೀಲಾ ಗೌಡ. ಹುಟ್ಟಿದ್ದು ನಮ್ಮ ಪಕ್ಕದ ಭದ್ರಾವತಿಯಲ್ಲಿ, 1957ರಲ್ಲಿ. ಮೊದಲು ಪೇಂಟಿಂಗ್ ಮಾಡ್ತಿದ್ದವರು 90ರ ದಶಕದ ಶುರುವಿನಲ್ಲಿ ಸಗಣಿ ಹಿಡಿದರು. ಆಮೇಲೆ ಕುಂಕುಮ, ದಾರ, ಡಾಂಬರು ಡ್ರಮ್ಮು. ದಾರದ ಕೆಲಸ ಒಂದಿದೆ, ಫೋಟೋದಲ್ಲಿ ನೋಡಿದರೂ ಮೈ ಜುಮ್ ಅನ್ನುತ್ತೆ. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಎಲ್ಲಾ ದಾರ ಒಟ್ಟು ಮಾಡಿ ಅಂಟು ಕುಂಕುಮ ಬಳಿದು ಕೆಂಪು ಹಗ್ಗ ಮಾಡಿ ಕೋಣೆಯ ಗೋಡೆ ನೆಲ ಎಲ್ಲಾ ಹಾಯಿಸಿದ್ದಾರೆ, ತುದಿಯಲ್ಲಿ ಆ ಸೂಜಿಗಳು ಗೊಂಚಲಾಗಿ ನೇತಾಡ್ತಿರುತ್ತವೆ. ದೂರದಿಂದ ನೋಡಿದರೆ ಗೆರೆ ಎಳೆದ ಚಿತ್ರ, ಹತ್ತಿರ ಹೋದರೆ ಚುಚ್ಚುತ್ತೆ. 2009ರ ವೆನಿಸ್ ಬಿನಾಲೆಗೆ, ಅಂದರೆ ಇಟಲಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯೋ ದೊಡ್ಡ ಕಲಾಪ್ರದರ್ಶನಕ್ಕೆ, ಅವರು ಒಯ್ದಿದ್ದು ಕೂದಲಿನ ಹಗ್ಗ. ದೃಷ್ಟಿ ಆಗಬಾರದು ಅಂತ ಲಾರಿ, ಕಾರಿನ ಬಂಪರಿಗೆ ಕಟ್ತಾರಲ್ಲ, ಅದೇ. ಸುಮಾರು 4000 ಮೀಟರ್ ಹಗ್ಗ, ಅದರಲ್ಲೇ ಕಾರಿನ ಬಂಪರ್‌ಗಳನ್ನ ತೂಗುಹಾಕಿದ್ದಾರೆ. ನಾವು ದಿನಾ ನ್ಯಾಷನಲ್ ಹೈವೇಲಿ ನೋಡೋ ಸಾಮಾನು ಈಗ ಲಂಡನ್ನಿನ ಟೇಟ್ ಮ್ಯೂಸಿಯಂ ಸಂಗ್ರಹದಲ್ಲಿದೆ. ಇದನ್ನ ನಿಮ್ಮ ಗೆಳೆಯನಿಗೆ ತೋರಿಸಿ.

ಆದರೆ ಅವನ ಮಾತನ್ನ ಪೂರ್ತಿ ತಳ್ಳಿಹಾಕಲ್ಲ. ಸಕ್ಕರೆಯಲ್ಲಿ ಆ ಮಕ್ಕಳೇ ಯಾಕೆ ಅಂದರೆ ಅವರ ಅಪ್ಪ ಅಮ್ಮ ಬೆವರು ಸುರಿಸೋದು ಅದೇ ಸಕ್ಕರೆಗೆ. ಮಂಡಕ್ಕಿಯಲ್ಲಿ ಅಪ್ಪು ಯಾಕೆ?

ಹಳೇ ಬೋರ್ಡ್ ಪೇಂಟರ್, ದಾವಣಗೆರೆ

ತಮ್ಮಾ, ಫ್ಲೆಕ್ಸ್ ಬರೋಕೆ ಮುಂಚೆ ಸಿನಿಮಾ ಬ್ಯಾನರ್ ಬರೆದು ಹೊಟ್ಟೆ ಹೊರೆದವನು ನಾನು. ಕಲೆಯೋ ಅಲ್ಲವೋ ಅವರು ಹೇಳ್ತಾರೆ ಬಿಡು, ಕೆಲಸ ಹೇಗೆ ಅಂತ ನಾನು ಹೇಳ್ತೀನಿ.

15 ಸೆಂಟಿಮೀಟರ್ ಅಗಲ 20 ಸೆಂಟಿಮೀಟರ್ ಉದ್ದಕ್ಕೆ ಫೋಟೋ ಪ್ರಿಂಟ್ ಹಾಕಿಸು, ಕಪ್ಪು ಬಿಳುಪು, ಕಾಂಟ್ರಾಸ್ಟ್ ಜಾಸ್ತಿ. ಅದರ ಮೇಲೆ ಒಂದೊಂದು ಸೆಂಟಿಮೀಟರ್‌ಗೆ ಚೌಕ ಎಳಿ. ಬಟ್ಟೆ ಮೇಲೆ ಒಂದೊಂದು ಅಡಿಗೆ ಚೌಕ. ಒಟ್ಟು 300 ಚೌಕ. ಗೆರೆ ಹೊಡೆಯೋಕೆ ಸ್ಕೇಲ್ ಹುಡುಕಬೇಡ. ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಯಾಗಿ ಹಿಡ್ಕೊಳ್ಳಿ, ಮಧ್ಯದಲ್ಲಿ ಎತ್ತಿ ಟಪ್ ಅಂತ ಬಿಡಿ, ನೆಟ್ಟಗೆ ಗೆರೆ ಬೀಳುತ್ತೆ. ಆಮೇಲೆ ಯಾವ ಚೌಕದಲ್ಲಿ ಎಷ್ಟು ಬಿಳಿ ಇದೆ ಅಂತ ನೋಡಿ ಅಷ್ಟೇ ತುಂಬ್ತಾ ಹೋಗು. ಇದು ಕಣ್ಣು ಅಂತ ಯೋಚನೆ ಮಾಡಬಾರದು, ಮಾಡಿದೆ ಅಂದ್ರೆ ನಿನ್ನ ತಲೆಯಲ್ಲಿರೋ ಕಣ್ಣು ಬರುತ್ತೆ, ಅಪ್ಪು ಕಣ್ಣು ಬರಲ್ಲ.

ಮುಖದ ಅಗಲ ಅಂದ್ರೆ ಐದು ಕಣ್ಣಿನ ಅಗಲ, ಇದು ಹಳೇ ಲೆಕ್ಕ. 10 ಅಡಿ ಮುಖಕ್ಕೆ ಒಂದು ಕಣ್ಣು 2 ಅಡಿ. ಮಂಡಕ್ಕಿ ಕಾಳು ಹತ್ತಿರ ಹತ್ತಿರ ಒಂದು ಸೆಂಟಿಮೀಟರ್, ಹಾಗಾಗಿ ಅಷ್ಟು ದೊಡ್ಡ ಕಣ್ಣಲ್ಲಿ ರೆಪ್ಪೆ, ಹೊಳಪು ಎಲ್ಲಾ ಕೂರುತ್ತೆ. ಇದಕ್ಕಿಂತ ಚಿಕ್ಕದು ಮಾಡಿದರೆ ಕಣ್ಣು ಬರೀ ಚುಕ್ಕೆ ಆಗುತ್ತೆ. ಅಪ್ಪು ಮುಖದಲ್ಲಿ ಜೀವ ಇರೋದು ನಗುವಿನಲ್ಲಿ. ಹಲ್ಲು ಒಂದೊಂದಾಗಿ ಬಿಡಿಸೋಕೆ ಹೋಗಬೇಡ, ಒಂದೇ ಬಿಳಿ ಪಟ್ಟಿ ಕೊಡು, ತುಟಿಯ ತುದಿ ಎಲ್ಲಿ ನಿಲ್ಲುತ್ತೆ ಅನ್ನೋದನ್ನ ಮಾತ್ರ ಸರಿಯಾಗಿ ಹಿಡಿ. ಬ್ಯಾನರ್‌ನಲ್ಲಿ ನಾವು ಮಾಡ್ತಿದ್ದಿದ್ದು ಅದೇ.

ತಿಳಿ ನೆರಳಿಗೆ ಕೈಯಲ್ಲಿ ಉದುರಿಸಿದರೆ ಗುಡ್ಡೆ ಗುಡ್ಡೆ ಆಗುತ್ತೆ. ಮಂಡಕ್ಕಿಯನ್ನ ಸ್ವಲ್ಪ ಪುಡಿ ಮಾಡಿ ಜರಡಿಯಲ್ಲಿ ಆಡಿಸು. ರಂಗೋಲಿಯಲ್ಲಿ ಮುಖ ಬರೆಯೋ ಹೆಣ್ಣುಮಕ್ಕಳು ಚಹಾ ಸೋಸೋ ಜಾಲರಿಯಲ್ಲಿ ಪುಡಿ ಆಡಿಸ್ತಾರಲ್ಲ, ಅದೇ ಉಪಾಯ. ಮಧ್ಯದಿಂದ ಶುರು ಮಾಡಿ ಹೊರಗೆ ಬಾ, ಇಲ್ಲಾಂದ್ರೆ ಮಾಡಿದ್ದನ್ನ ನೀನೇ ತುಳೀತೀಯ. ಎಷ್ಟು ಮಂಡಕ್ಕಿ ಬೇಕು ಅಂತ ಕೇಳ್ತೀಯ ಅಂತ ಗೊತ್ತು. ಒಂದು ಚೌಕ ದಟ್ಟವಾಗಿ ತುಂಬಿ ತೂಕ ಹಾಕು, ಬಿಳಿ ಇರೋ ಚೌಕ ಎಣಿಸಿ ಗುಣಿಸು.

ಸಾವಿತ್ರಕ್ಕ, ಹರಿಹರ

ಎಲ್ಲಾ ಸರಿ, ತಿನ್ನೋ ಪದಾರ್ಥ ನೆಲಕ್ಕೆ ಚೆಲ್ಲಿ ಅದರ ಮೇಲೆ ಓಡಾಡೋದು ನನಗೆ ಸರಿ ಅನ್ನಿಸಲ್ಲಪ್ಪ. ನಮ್ಮ ಮನೇಲಿ ಮಂಡಕ್ಕಿ ಕೆಳಗೆ ಬಿದ್ದರೆ ಆರಿಸಿ ಕಣ್ಣಿಗೊತ್ತಿಕೊಳ್ಳೋರು. ಅಪ್ಪು ಹೆಸರಲ್ಲಿ ಅನ್ನದಾನ ಮಾಡಿ ಅದೇ ದಿನ ಮೂಟೆಗಟ್ಟಲೆ ಮಂಡಕ್ಕಿ ಮಣ್ಣುಪಾಲು ಮಾಡಿದರೆ ಜನ ಏನಂತಾರೆ? ದೊಡ್ಡ ಕಲಾವಿದರು ಮಾಡಿದರು ಅಂದ ಮಾತ್ರಕ್ಕೆ ಸರಿ ಅಂತಲ್ಲ.

ಪಿಬಿ ರೋಡ್ ಹುಡುಗ, ದಾವಣಗೆರೆ

ಅಕ್ಕ, ನಮ್ಮ ಅಮ್ಮನೂ ಇದೇ ಅಂದ್ರು. ಅದಕ್ಕೆ ಮಂಡಕ್ಕಿ ಹುರಿಯೋ ಭಟ್ಟಿ ಕಡೆ ಹೋಗಿ ವಿಚಾರಿಸಿ ಬಂದೆ. ಜರಡಿ ಹಿಡಿದಾಗ ಉಳಿಯೋ ಮುರಿದಿದ್ದು, ಸೀದಿದ್ದು ಮಾರಾಟಕ್ಕೆ ಬರಲ್ಲ, ಅದನ್ನ ಕೊಡ್ತೀವಿ ಅಂದ್ರು. ಬಟ್ಟೆ ಮೇಲೇ ಇರೋದರಿಂದ ಮುಗಿದ ಮೇಲೆ ನಾಲ್ಕು ಮೂಲೆ ಹಿಡಿದು ಎತ್ತಿ ದನಕ್ಕೆ ಹಾಕಿಬಿಡ್ತೀವಿ. ಇನ್ನೊಂದು ಖುಷಿ ವಿಷಯ, ಒಲೆಗೆ ಹಾಕೋ ಭತ್ತದ ಹೊಟ್ಟು ಸುಟ್ಟು ಒಳ್ಳೆ ಕರಿ ಪುಡಿ ಆಗಿರುತ್ತೆ, ರಾಶಿ ಬಿದ್ದಿದೆ. ಹುಬ್ಬು, ಗಡ್ಡದ ಅಂಚು ತಿದ್ದೋಕೆ ಅದು ಬರುತ್ತಾ ಪೇಂಟರಣ್ಣ?

ಕೋಟೆ ಅಕ್ಕಾವ್ರೇ, ಅಪ್ಪು ಯಾಕೆ ಅಂದ್ರಿ. ಜನ ಬರೋದು ಅಪ್ಪುಗೆ, ಅದಕ್ಕೇ. ನಾಲ್ಕು ಜನ ನೋಡದೇ ಇದ್ದರೆ ಕಲೆ ಯಾರಿಗೆ ಬೇಕು?

ಕೋಟೆ ಕೆಳಗಿನವಳು, ಚಿತ್ರದುರ್ಗ

ಅದೂ ಸರಿನೇ, ನಾನೂ ಅಪ್ಪು ಫ್ಯಾನೇ. ಆದರೆ ಮುರಿದ ಮಂಡಕ್ಕಿ, ಸುಟ್ಟ ಹೊಟ್ಟು ಅಂದ ಕೂಡಲೇ ನನ್ನ ತಲೆ ಬೇರೆ ಕಡೆ ಓಡ್ತಿದೆ. ಘಾನಾದ ಎಲ್ ಅನಾಟ್ಸುಯಿ ಅಂತ ಇದ್ದಾರೆ, ಬದುಕಿನ ಬಹುಪಾಲು ನೈಜೀರಿಯಾದಲ್ಲಿ ಪಾಠ ಮಾಡಿದವರು. ಹೆಂಡದ ಬಾಟಲಿಯ ಮುಚ್ಚಳಗಳನ್ನ ಚಪ್ಪಟೆ ಬಡಿದು, ತಾಮ್ರದ ತಂತಿಯಲ್ಲಿ ಒಂದಕ್ಕೊಂದು ಹೆಣೆದು ಗೋಡೆ ತುಂಬಾ ಇಳಿಬಿಡ್ತಾರೆ. ಮೊದಲು ನೋಡಿದಾಗ ಯಾವುದೋ ರಾಜನ ಜರಿ ಶಾಲು ಅನ್ಕೊಂಡೆ. ಯುರೋಪಿನ ವ್ಯಾಪಾರಿಗಳು ಆಫ್ರಿಕಾಕ್ಕೆ ಹೆಂಡ ತಂದು ಮನುಷ್ಯರನ್ನ ಕೊಂಡು ಒಯ್ದ ಕಥೆ ಆ ಮುಚ್ಚಳಗಳಲ್ಲೇ ಇದೆ, ಅವರು ಬಾಯಿಬಿಟ್ಟು ಹೇಳಬೇಕಾಗಿಲ್ಲ. 2015ರಲ್ಲಿ ಅದೇ ವೆನಿಸ್ ಬಿನಾಲೆಯಲ್ಲಿ ಅವರಿಗೆ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟರು.

ನಿಮ್ಮ ಕೈಯಲ್ಲೂ ಅಂಥದ್ದೇ ಸಾಮಾನು ಇದೆ. ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ನಿಂತು ಮಂಡಕ್ಕಿ ಹುರಿಯೋರಲ್ಲಿ ಒಬ್ಬರು ಒಪ್ಪಿದರೆ ಅವರ ಮುಖವನ್ನೂ ಮಾಡಿ. ಅಪ್ಪು ಬೇಡ ಅನ್ನಲ್ಲ. ಪಕ್ಕದಲ್ಲಿ ಅದೇ ಅಳತೆಗೆ ಇನ್ನೊಂದು. ಅಪ್ಪು ನೋಡೋಕೆ ಬಂದೋರು ಅದನ್ನೂ ನೋಡಿಯೇ ನೋಡ್ತಾರೆ. ಮಂಡಕ್ಕಿ ಮಿರ್ಚಿ ತಿನ್ನದೇ ಇರೋರು ಆ ಊರಲ್ಲಿ ಯಾರಿದ್ದಾರೆ, ಅದನ್ನ ಹುರಿಯೋರ ಮುಖ ನೋಡಿದೋರು ಎಷ್ಟು ಜನ?

ಒಂದು ಟೆಕ್ನಿಕಲ್ ಮಾತು. ಮೇಲಿಂದ ಫೋಟೋ ಅಂದ್ರಿ, ಡ್ರೋನ್ ಇದೆಯಾ? ಇಲ್ಲಾ ಅಂದರೆ ಮಹಡಿ ಮೇಲಿಂದ ಓರೆಯಾಗಿ ತೆಗೀಬೇಕು, ಆಗ ದೂರದ ಭಾಗ ಕುಗ್ಗಿ ಹಣೆ ಚಿಕ್ಕದು, ಗದ್ದ ದೊಡ್ಡದು ಕಾಣುತ್ತೆ. ಕಲಾವಿದ ಬಾದಲ್ ನಂಜುಂಡಸ್ವಾಮಿ ಬೆಂಗಳೂರಿನ ರಸ್ತೆ ಗುಂಡಿಯಲ್ಲಿ 2015ರಲ್ಲಿ ಬೊಂಬೆ ಮೊಸಳೆ ಕೂರಿಸಿದ್ದು ನೆನಪಿದೆಯಲ್ಲ, ಅವರು ರಸ್ತೆ ಮೇಲೆ ಬರೆಯೋ ತ್ರೀಡಿ ಚಿತ್ರಗಳೂ ಹೀಗೇ, ಒಂದು ಜಾಗದಿಂದ ನೋಡಿದರೆ ಮಾತ್ರ ಸರಿ, ಪಕ್ಕಕ್ಕೆ ಸರಿದರೆ ಎಳೆದಂತೆ ಕಾಣುತ್ತೆ. ನಿಮಗೆ ಸುಲಭದ ದಾರಿ ಇದೆ. ಕ್ಯಾಮೆರಾ ಎಲ್ಲಿ ಇಡ್ತೀರೋ ಅದೇ ಜಾಗದಲ್ಲಿ ರಾತ್ರಿ ಪ್ರೊಜೆಕ್ಟರ್ ಇಟ್ಟು ಫೋಟೋವನ್ನ ಬಟ್ಟೆ ಮೇಲೆ ಬಿಡಿ. ಎಷ್ಟು ಎಳೆಯಬೇಕೋ ಅಷ್ಟು ತಾನೇ ಎಳ್ಕೊಳುತ್ತೆ. ಚಾಕ್‌ಪೀಸ್‌ನಲ್ಲಿ ಅಂಚು ಗುರುತು ಮಾಡಿ.

ಹಳೇ ಬೋರ್ಡ್ ಪೇಂಟರ್, ದಾವಣಗೆರೆ

ಪ್ರೊಜೆಕ್ಟರ್ ಸಿಕ್ಕರೆ ನನ್ನ ಚೌಕ ಬಿಡು, ಹುಡುಗಿ ಹೇಳಿದ್ದೇ ಸರಿ. ಹೊಟ್ಟಿನ ಕರಿ ಪುಡಿ ಬರುತ್ತೆ, ಆದರೆ ಮಂಡಕ್ಕಿ ಮೇಲೆ ಬಿದ್ದರೆ ಎಲ್ಲಾ ಬೂದು ಆಗುತ್ತೆ, ಆಮೇಲೆ ತೆಗೆಯೋಕೆ ಆಗಲ್ಲ. ಕೊನೆಗೆ ಹಾಕು, ಚಮಚದಲ್ಲಿ, ಅಂಚಿಗೆ ಮಾತ್ರ.

ಮೈದಾನ ಬೇಡ ತಮ್ಮಾ. ಮಾರ್ಚ್‌ನಲ್ಲಿ ಮಧ್ಯಾಹ್ನ ಒಂದು ಸುಳಿಗಾಳಿ ಎದ್ದರೆ ಅಪ್ಪು ಹರಿಹರಕ್ಕೆ ಹೋಗಿರ್ತಾನೆ. ಬಾಲ್ಕನಿ ಇರೋ ಯಾವುದಾದರೂ ಕಲ್ಯಾಣ ಮಂಟಪ ಕೇಳು, ಮುಹೂರ್ತ ಇಲ್ಲದ ದಿನ ಕಡಿಮೆಗೆ ಕೊಡ್ತಾರೆ. ಮೇಲಿಂದ ಪ್ರೊಜೆಕ್ಟರ್‌ಗೂ ಆಯ್ತು, ಫೋಟೋಗೂ ಆಯ್ತು. ಹಿಂದಿನ ರಾತ್ರಿ ಶುರು ಮಾಡಿ ಬೆಳಿಗ್ಗೆಯೊಳಗೆ ಮುಗಿಸು, ಜಾಸ್ತಿ ಹೊತ್ತು ಬಿಟ್ಟರೆ ಇರುವೆ ಇಲಿ ಎರಡೂ ಬರುತ್ತವೆ. ಎರಡು ಮುಖ ಮಾಡೋದಾದರೆ ಜನ ಇನ್ನೂ ಬೇಕು, ನಾನು ಬರ್ತೀನಿ, ಕೂರೋಕೆ ಒಂದು ಸ್ಟೂಲ್ ಹಾಕ್ಸು, ಮೊಣಕಾಲು ಬಗ್ಗಲ್ಲ. ಮತ್ತೆ ಹಾಲ್‌ನಲ್ಲಿ ಫ್ಯಾನ್ ಸ್ವಿಚ್‌ಗಳ ಮೇಲೆಲ್ಲ ಟೇಪ್ ಹಚ್ಚು, ಸೆಕೆ ಅಂತ ಯಾರಾದರೂ ಒಬ್ಬ ಒತ್ತೇ ಒತ್ತುತ್ತಾನೆ.