ಪದಚರ್ಚೆ: 'ವೆಟ್‌ಲ್ಯಾಂಡ್', 'ಸ್ಟ್ರೀಮ್', 'ಡಿಸ್ಚಾರ್ಜ್' – ನಾಳೆಯೊಳಗೆ ಬೋರ್ಡಿಗೆ ಬೇಕು

ಮೂಡಿಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಅರ್ಜೆಂಟಾಗಿ ಐದು ಪದ ಬೇಕು. ನಾಳೆ ಬೆಳಗ್ಗೆ 11ಕ್ಕೆ ಫ್ಲೆಕ್ಸ್ ಅಂಗಡಿಗೆ ಬರಹ ಕಳಿಸಲೇಬೇಕು.

ವಿಷಯ ಇಷ್ಟು. ನಮ್ಮೂರ ಹಳ್ಳ ಹುಟ್ಟುವ ತಗ್ಗಿನಲ್ಲಿ ಒಂದು ಜಾಗ ಇದೆ. ಬೇಸಿಗೆಯಲ್ಲೂ ಕಾಲಿಟ್ಟರೆ ಮೊಣಕಾಲವರೆಗೆ ಹೂತುಹೋಗುತ್ತದೆ. ಹಿಂದೆ ಗದ್ದೆ ಮಾಡುತ್ತಿದ್ದರಂತೆ. ಆಳು ಸಿಗದೆ ಬಿಟ್ಟ ಮೇಲೆ ಜೊಂಡು ಬೆಳೆದು ನಿಂತಿದೆ. ಕೆಳಗಿನ ಮನೆಗಳ ಬಾವಿಗೆಲ್ಲ ಅಲ್ಲಿಯ ಒರತೆಯೇ ಆಧಾರ. ಈಗ ಅದಕ್ಕೆ ಮಣ್ಣು ಹೊಡೆಸಿ ಕಾಟೇಜ್ ಕಟ್ಟುವ ಮಾತು ಎದ್ದಿದೆ. ಪಂಚಾಯ್ತಿಯವರು ಒಂದು ಬೋರ್ಡ್ ಹಾಕೋಣ ಅಂದರು. ಯಾರೋ ಎಂಜಿನಿಯರ್ ಇಂಗ್ಲಿಷಿನಲ್ಲಿ ಬರೆದುಕೊಟ್ಟರು. ಕನ್ನಡ ಮಾಡುವ ಕೆಲಸ ನನ್ನ ತಲೆಗೆ ಬಂತು.

ಇಂಗ್ಲಿಷಿನಲ್ಲಿ ಇರುವುದು: 'ಪ್ರೊಟೆಕ್ಟೆಡ್ ವೆಟ್‌ಲ್ಯಾಂಡ್. ನೋ ಫಿಲ್ಲಿಂಗ್. ನೋ ಡಿಸ್ಚಾರ್ಜ್ ಇನ್‌ಟು ಸ್ಟ್ರೀಮ್. ಬಫರ್ 50 ಮೀಟರ್. ಮಿಟಿಗೇಶನ್ ರಿಕ್ವೈರ್ಡ್.'

ನಾನು ಬರೆದದ್ದು: 'ಸಂರಕ್ಷಿತ ಆರ್ದ್ರಭೂಮಿ. ಭರ್ತಿ ನಿಷೇಧಿಸಿದೆ. ತೊರೆಗೆ ವಿಸರ್ಜನೆ ನಿಷೇಧಿಸಿದೆ.' ನಮ್ಮತ್ತೆಗೆ ಓದಿ ಹೇಳಿದೆ. "ಅಲ್ಲಿ ಯಾರಮ್ಮ ಗಣಪತಿ ಬಿಡ್ತಾರೆ?" ಅಂದರು. ಮುಂದೆ ಬರೆಯುವ ಧೈರ್ಯ ಬರಲಿಲ್ಲ.

ಹಾಸನದಿಂದ

ನಿಮ್ಮ ಅತ್ತೆಯವರ ಕಿವಿ ಚೆನ್ನಾಗಿದೆ.

'ಆರ್ದ್ರಭೂಮಿ' ಹಿಂದಿಯವರು ಮಾಡಿಕೊಂಡದ್ದು, ನಾವು ಎತ್ತಿಕೊಂಡೆವು. 'ತೇವಭೂಮಿ' ಅಂತ ಕೆಲವರು ಬರೆಯುತ್ತಾರೆ, ಅದು ಅರಿಸಮಾಸ (ಕನ್ನಡ, ಸಂಸ್ಕೃತ ಪದಗಳನ್ನು ಬೆರೆಸಿದ ಸಮಾಸ). ಬಿರುದಾವಳಿಗಳಿಗೆ ವಿನಾಯಿತಿ ಇದೆ, ಇದಕ್ಕಿಲ್ಲ. ಅಚ್ಚಗನ್ನಡದಲ್ಲಿ 'ಹಸಿನೆಲ' ಅನ್ನಿ. ಸ್ಟ್ರೀಮಿಗೆ 'ತೊರೆ'ಯೇ ಸರಿ. ಬೆಟ್ಟವನ್ನು ತೊರೆದು ಬಂದದ್ದು ತೊರೆ. ಎಂಥ ಸೊಗಸಾದ ಪದ! 'ಹಳ್ಳ' ಬೇಡ. ಹಳ್ಳ ಅಂದರೆ ಗುಂಡಿ. ಓಡಾಡುವವರು ರಸ್ತೆಯಲ್ಲಿ ಗುಂಡಿ ಇದೆ ಅಂದುಕೊಳ್ಳುತ್ತಾರೆ.

ಅರಸೀಕೆರೆಯಿಂದ

ಹಸಿನೆಲ ಅಂದರೆ ಈಗಷ್ಟೇ ಒರೆಸಿದ ನೆಲ. ಬೋರ್ಡ್ ಓದಿದವರು ಚಪ್ಪಲಿ ಬಿಟ್ಟು ಹೋಗ್ತಾರೆ.

ಇನ್ನು ಆ ತೊರೆಯ ಕಥೆ. ಹಳಗನ್ನಡದಲ್ಲಿ ಎರಡೂ ತೊರೆಗೆ ಶಕಟರೇಫೆಯೇ (ಹಳೆಯ ಱ ಅಕ್ಷರ), ನಿಜ. ಅಷ್ಟಕ್ಕೇ ನಂಟು ಕಟ್ಟಿದರೆ ಕೆರೆಯನ್ನು ಉಗುರಿನಿಂದ ಕೆರೆದು ಮಾಡಿದರು ಅಂತಲೂ ಬರೆಯಬಹುದು. ಬಿಡಿ ಸ್ವಾಮಿ.

ಹಳ್ಳ ಅಂದರೆ ಗುಂಡಿ ಅನ್ನುವವರು ಬಾಬಾಬುಡನ್‌ಗಿರಿ ರಸ್ತೆಯ ಹೊನ್ನಮ್ಮನ ಹಳ್ಳ ನೋಡಿ ಬರಲಿ. ಗುಂಡಿ ನೋಡೋಕೆ ಅಷ್ಟು ಜನ ಗಾಡಿ ನಿಲ್ಲಿಸ್ತಾರಾ? ಪಳ್ಳ ಅನ್ನುವುದು ತಗ್ಗು. ತಗ್ಗಿನಲ್ಲಿ ನೀರು ಹರಿಯಿತು, ಹರಿಯುವುದಕ್ಕೂ ಅದೇ ಹೆಸರಾಯಿತು. ಒಂದು ವ್ಯತ್ಯಾಸ ಮಾತ್ರ ಇದೆ. ಮಲೆನಾಡಿನವರ ಹಳ್ಳದಲ್ಲಿ ವರ್ಷಪೂರ್ತಿ ನೀರು. ನಮ್ಮ ಕಡೆ ಹಳ್ಳ ಅಂದರೆ ಮಳೆ ಬಂದಾಗ ನೀರು, ಮಿಕ್ಕ ದಿನ ಮರಳು.

ಸಕಲೇಶಪುರದಿಂದ

ಕಂದಾಯದಲ್ಲಿ ದುಡಿದು ರಿಟೈರ್ ಆದವನು ನಾನು. ವ್ಯಾಕರಣ ಜಾಸ್ತಿ ಗೊತ್ತಿಲ್ಲ. ಒಂದು ಎಚ್ಚರಿಕೆ ಹೇಳಿ ಹೋಗುತ್ತೇನೆ.

ಯಾರಾದರೂ 'ತರಿ ಭೂಮಿ' ಅಂತ ಸೂಚಿಸಿದರೆ ಒಪ್ಪಬೇಡಿ ಮೇಡಂ. ವೆಟ್ ಲ್ಯಾಂಡ್ ಅಂತ ಕೇಳಿದ ಕೂಡಲೇ ಹಳೇ ಕಡತ ನೋಡಿದವರಿಗೆ ಬಾಯಿಗೆ ಬರುವುದೇ ಅದು. ಪಹಣಿಯಲ್ಲಿ ತರಿ, ಖುಷ್ಕಿ, ಬಾಗಾಯ್ತು ಅಂತ ಇರುತ್ತದಲ್ಲ, ಆ ತರಿ. ಅಂದರೆ ನೀರಾವರಿ ಜಮೀನು, ಗದ್ದೆ. ನೀವು ಹೇಳುವ ಜಾಗದ ಪಹಣಿಯಲ್ಲಿ ಇವತ್ತಿಗೂ ತರಿ ಅಂತಲೇ ಇರಬಹುದು. ಬೋರ್ಡಿನಲ್ಲೂ ತರಿ ಅಂತ ಹಾಕಿದರೆ, ಮಣ್ಣು ಹೊಡೆಸುವವನಿಗೆ ನೀವೇ ಕೈಯಾರೆ ಸಾಕ್ಷಿ ಕೊಟ್ಟ ಹಾಗೆ. "ಇದು ಗದ್ದೆ, ನನ್ನ ಪಟ್ಟಾ, ಅಲಿನೇಷನ್ ಮಾಡಿಸಿಕೊಂಡಿದ್ದೇನೆ" ಅಂತಾನೆ. (ಭೂ ಪರಿವರ್ತನೆಗೆ ಜನ ಅಲಿನೇಷನ್ ಅಂತ ಯಾಕೆ ಅಂತಾರೋ, ಆ ಇಂಗ್ಲಿಷ್ ಪದಕ್ಕೆ ಅರ್ಥವೇ ಬೇರೆ. ಆದರೆ ಆಫೀಸಿನ ಬಾಗಿಲಲ್ಲಿ ಅದೇ ನಡೆಯುತ್ತದೆ.)

ಆ ಥರದ ಜಾಗಕ್ಕೆ ನಮ್ಮಲ್ಲಿ ಹಡ್ಲು ಅಂತಾರೆ. ಎರಡು ಗುಡ್ಡದ ನಡುವೆ ನೀರು ನಿಲ್ಲುವ, ಬೇಸಾಯ ಬಿಟ್ಟ ತಗ್ಗು. ದನ ಮೇಯಿಸುವ ಹುಡುಗನಿಗೂ ಗೊತ್ತು.

ಹರಿಯುವುದು ಹಳ್ಳವೇ. ಗ್ರಾಮನಕ್ಷೆಯಲ್ಲಿ ಹಳ್ಳ ಅಂತ ಇದೆ. ಹತ್ತು ಜನಕ್ಕೆ ಉಪಯೋಗ ಇರುವ ಹಳ್ಳ ಬಿ ಖರಾಬಿಗೆ ಸೇರುತ್ತದೆ, ಯಾರ ಸ್ವಂತದ್ದೂ ಅಲ್ಲ. ತೊರೆ ಅಂತ ಬರೆದರೆ ಸರ್ವೆಯವನು ನಕ್ಷೆಯಲ್ಲಿ ಎಲ್ಲಿ ಹುಡುಕಬೇಕು?

ಹಾಸನದಿಂದ

ತರಿ, ಖುಷ್ಕಿ, ಖರಾಬು, ಜಮೀನು. ಎಲ್ಲಾ ಪಾರ್ಸಿ, ಅರಬ್ಬಿ. ಆಳಿದವರ ಭಾಷೆಯನ್ನು ಕಡತದಲ್ಲಿ ಇಟ್ಟುಕೊಂಡು ಮೆರೆಸಿದ್ದು ಸಾಕು. ಹಡ್ಲು ಒಪ್ಪುತ್ತೇನೆ, ಆದರೆ ಬರಹದಲ್ಲಿ 'ಹಡಿಲು' ಆಗಬೇಕು. ಮೂಲ ಪಡಿಲ್. ಮಂಗಳೂರಿನ ಪಡೀಲು ನೋಡಿ, ತುಳುವಿನಲ್ಲಿ ಪಕಾರ ಉಳಿದಿದೆ, ನಮ್ಮಲ್ಲಿ ಹಕಾರ ಆಗಿದೆ. ಹೊಳೆಯದೂ ಅದೇ ಕಥೆ, ಮಲಯಾಳದ ಪುೞ. ಇಕಾರ ನುಂಗುವುದು ಬಾಯಿಮಾತಿನ ಸೋಮಾರಿತನ.

ಚಿಕ್ಕಮಗಳೂರಿನಿಂದ

ಮೇಷ್ಟ್ರೇ, ಸೋಮಾರಿತನ ಅಂದ್ರಿ, ಆಯ್ತು. ಆದರೆ ನೀವು ನುಡಿದ 'ಕಡತ' ಒಂದು ಬಿಟ್ಟರೆ ಕಚೇರಿಯಲ್ಲಿ ಪಾರ್ಸಿ, ಅರಬ್ಬಿ ಅಲ್ಲದ್ದು ಏನು ಉಳಿಯುತ್ತದೆ? ಕಚೇರಿ ಅನ್ನುವುದೇ ಹೊರಗಿನಿಂದ ಬಂದದ್ದು.

ನಾನು ಕಾನೂನು ಬರಹ ಅನುವಾದ ಮಾಡುವವಳು. ಮೂಡಿಗೆರೆಯ ಮೇಡಂಗೆ ಮೊದಲ ಮಾತು: 'ಸಂರಕ್ಷಿತ' ತೆಗೆಯಿರಿ. 'ಬಫರ್ 50 ಮೀಟರ್' (ಸುತ್ತ ಕಟ್ಟದೆ ಬಿಡಬೇಕಾದ ಜಾಗ) ಕೂಡ ತೆಗೆಯಿರಿ. ಇಂಗ್ಲಿಷ್ ಕೊಟ್ಟವರು ಎರಡು ಮೂರು ಕಡೆಯಿಂದ ಹೆಕ್ಕಿ ಅಂಟಿಸಿದ ಹಾಗಿದೆ.

50 ಮೀಟರ್ ಬಂದಿರುವುದು ಕೇಂದ್ರದ 2017ರ ವೆಟ್‌ಲ್ಯಾಂಡ್ ನಿಯಮದಿಂದ. ಹತ್ತು ವರ್ಷದಲ್ಲಿ ಕಂಡ ಸರಾಸರಿ ನೆರೆ ಮಟ್ಟದಿಂದ 50 ಮೀಟರ್ ಒಳಗೆ ಕಾಯಂ ಕಟ್ಟಡ ಕೂಡದು, ದೋಣಿಕಟ್ಟೆ ಮಾತ್ರ ಆಗಬಹುದು ಅನ್ನುತ್ತದೆ. ಆದರೆ ಆ ನಿಯಮ ರಾಮ್‌ಸಾರ್ ಪಟ್ಟಿಯ (ವೆಟ್‌ಲ್ಯಾಂಡ್‌ಗಳ ಅಂತರರಾಷ್ಟ್ರೀಯ ಪಟ್ಟಿ) ಜಾಗಗಳಿಗೆ, ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗಗಳಿಗೆ. ನಿಮ್ಮ ಹಡ್ಲಿಗೆ ಅಧಿಸೂಚನೆ ಆಗಿದೆಯಾ? ಇಲ್ಲದಿದ್ದರೆ ಎದುರಿನ ವಕೀಲ ಮೊದಲು ಹಿಡಿಯುವುದೇ ಆ ಪದವನ್ನು. ಇನ್ನೊಂದು ಕೊಕ್ಕೆ ಇದೆ. ಅದೇ ನಿಯಮ ಗದ್ದೆಯನ್ನು, ನದಿಪಾತ್ರವನ್ನು, ಕುಡಿಯುವ ನೀರಿಗೆ ಕಟ್ಟಿದ ಕೆರೆಯನ್ನು, ನೀರಾವರಿಗೆ ಕಟ್ಟಿದ್ದನ್ನು ಎಲ್ಲ ಹೊರಗಿಡುತ್ತದೆ. ನಮ್ಮ ಜಿಲ್ಲೆಗಳ ಕೆರೆಗಳು ಬಹುಪಾಲು ನೀರಾವರಿಗೇ ಕಟ್ಟಿದ್ದು. ಹಾಗಾಗಿ ಸಕಲೇಶಪುರದವರು ತರಿ ಬಗ್ಗೆ ಹೇಳಿದ್ದು ಸುಮ್ನೆ ಮಾತಲ್ಲ, ಚಿನ್ನದಂಥ ಮಾತು.

(ತಮಾಷೆ ಏನೆಂದರೆ ರಾಮ್‌ಸಾರ್ ಪಟ್ಟಿಗೆ ಮನುಷ್ಯ ಕಟ್ಟಿದ ಕೆರೆಯೂ ಸೇರುತ್ತದೆ. ಗದಗದ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಎರಡೂ ನೀರಾವರಿ ಕೆರೆಗಳೇ. 2024ರಲ್ಲಿ ಪಟ್ಟಿ ಸೇರಿದವು.)

ಹಾಗಾದರೆ ನಿಮ್ಮ ಕೈಯಲ್ಲಿ ಏನಿದೆ? 1974ರ ಜಲ ಕಾಯ್ದೆ ಇದೆ. ಅದಕ್ಕೆ ಅಧಿಸೂಚನೆ ಬೇಕಿಲ್ಲ. ಗೊತ್ತಿದ್ದೂ ಕೊಳಕನ್ನು ಸ್ಟ್ರೀಮಿಗಾಗಲಿ ಬಾವಿಗಾಗಲಿ ಬಿಡಬಾರದು ಅಂತ 24ನೇ ಕಲಂ ಹೇಳುತ್ತದೆ. ಆ ಸ್ಟ್ರೀಮ್ ಅಂದರೆ ಏನು ಅಂತ 2ನೇ ಕಲಂ ಬಿಡಿಸಿ ಹೇಳುತ್ತದೆ: ನದಿ ಸೇರುತ್ತದೆ, ನೀರಿನ ಜಾಡು ಸೇರುತ್ತದೆ, ಅದು ಸದ್ಯಕ್ಕೆ ಒಣಗಿದ್ದರೂ ಸೇರುತ್ತದೆ, ನೆಲದಡಿಯ ನೀರೂ ಸೇರುತ್ತದೆ. ಅರಸೀಕೆರೆಯವರ ಮರಳಿನ ಹಳ್ಳವೂ ಮೂಡಿಗೆರೆಯ ತುಂಬು ಹಳ್ಳವೂ ಕಾನೂನಿಗೆ ಒಂದೇ. ಈ ಹರಹು 'ತೊರೆ'ಗೆ ಇಲ್ಲ. ತೊರೆ ಅಂದರೆ ಹರಿಯುತ್ತಲೇ ಇರಬೇಕು. ಒಣಗಿದರೂ ಹಳ್ಳ ಹಳ್ಳವೇ.

'ಮಿಟಿಗೇಶನ್' (ಆಗುವ ಹಾನಿಯನ್ನು ತಗ್ಗಿಸುವುದು) ಅಮೆರಿಕದಿಂದ ಬಂದ ಹಾಗಿದೆ. ಅಲ್ಲಿ 1972ರ ಶುದ್ಧ ನೀರಿನ ಕಾಯ್ದೆ ಇದೆ. ಆ ಕಾಯ್ದೆಯಡಿ ಬರುವ ಜೌಗಿಗೆ ಮಣ್ಣು ತುಂಬಲು 404ನೇ ಕಲಮಿನಂತೆ ಕೇಂದ್ರದ ಪರವಾನಗಿ ಬೇಕು. ಆ ಪರವಾನಗಿಗೆ ಮೊದಲು, ನೀರಿನ ಗುಣ ಕೆಡುವುದಿಲ್ಲ ಅಂತ ಆಯಾ ರಾಜ್ಯ ಪ್ರಮಾಣಪತ್ರ ಕೊಡಬೇಕು, ಅದು 401. ಒಂದು ಕಡೆ ತುಂಬಿದ್ದಕ್ಕೆ ಇನ್ನೊಂದು ಕಡೆ ಜೌಗು ಮಾಡಿಕೊಡುವುದೂ ಅವರ ಮಿಟಿಗೇಶನ್‌ನಲ್ಲಿ ಸೇರಿದೆ. ಇದನ್ನು 'ಪರಿಹಾರ' ಅಂತ ಬರೆದರೆ ಮುಗಿಯಿತು. ನಮ್ಮ ಜನಕ್ಕೆ ಪರಿಹಾರ ಅಂದರೆ ಚೆಕ್ಕು. "ಹಡ್ಲು ಮುಚ್ಚಿದರೆ ಎಕರೆಗೆ ಎಷ್ಟು ಕೊಡ್ತಾರೆ?" ಅಂತ ಕ್ಯೂ ನಿಲ್ಲುತ್ತಾರೆ. ಆ ಸಾಲನ್ನೇ ಕಿತ್ತುಹಾಕಿ.

ಹಾಸನದಿಂದ

'ಜಲ ಕಾಯ್ದೆ'. ಜಲ ಸಂಸ್ಕೃತ, ಕಾಯ್ದೆ ಅರಬ್ಬಿ. ಇದರ ಬಗ್ಗೆ ಚಿಕ್ಕಮಗಳೂರಿನ ಮೇಡಂ ಏನೂ ಹೇಳಲಿಲ್ಲ.

ಅರಸೀಕೆರೆಯಿಂದ

ಹೇಳೋಕೆ ಏನಿದೆ? ಐವತ್ತು ವರ್ಷದಿಂದ ಜಾರಿಯಲ್ಲಿರುವ ಹೆಸರು. ನೀವು 'ನೀರ್ಕಟ್ಟಳೆ' ಅಂತ ಬರೆದು ಪೊಲೀಸ್ ಸ್ಟೇಷನ್ನಿಗೆ ದೂರು ಕೊಡಿ, ತಗೊಳ್ತಾರಾ ನೋಡೋಣ.

ಪದ ಎಲ್ಲಿಂದ ಬಂತು ಅನ್ನೋದು ಮುಖ್ಯ ಅಲ್ಲ, ಎಲ್ಲಿ ಇಳೀತು ಅನ್ನೋದು ಮುಖ್ಯ. ಗುಡ್ಡ ಅಗೆಯುವ ಆ ಯಂತ್ರಕ್ಕೆ ಹಳ್ಳಿಗಳಲ್ಲಿ 'ಇಟಾಚಿ' ಅಂತಾರೆ. ಜಪಾನಿನ ಹಿಟಾಚಿ ಕಂಪನಿಯ ಹೆಸರು, ಹಕಾರ ಉದುರಿಸಿ ನಮ್ಮ ಬಾಯಿಗೆ ಹೊಂದಿಸಿಕೊಂಡಿದ್ದೇವೆ. ಮೇಷ್ಟ್ರ ಪ-ಹ ನಿಯಮದ ಮುಂದಿನ ಹೆಜ್ಜೆ ಅಂದುಕೊಳ್ಳಿ. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನಿಗೆ ಇಟಾಚಿ ಸಿಕ್ಕಿದ್ದರೆ ಅದಕ್ಕೂ ಒಂದು ಸೂತ್ರ ಬರೀತಿದ್ದ.

ಹಾಸನದಿಂದ

ಕೇಶಿರಾಜನನ್ನು ಇಟಾಚಿಗೆ ಕಟ್ಟುವವರ ಜೊತೆ ನನಗೆ ಮಾತಿಲ್ಲ.

ಮೂಡಿಗೆರೆಯಿಂದ

ದಯವಿಟ್ಟು ಜಗಳ ಬೇಡ. ರಾತ್ರಿ ಹತ್ತಾಯಿತು. ತರಿ ವಿಷಯ ಕೇಳಿ ಎದೆ ಧಸಕ್ ಅಂತು. ಹಳೇ ಪಹಣಿ ತೆಗೆಸಿ ನೋಡಿದೆ, ತರಿ ಅಂತಲೇ ಇದೆ!

ಬಫರ್ ಬಿಟ್ಟೆ, ಮಿಟಿಗೇಶನ್ ಬಿಟ್ಟೆ. ಡಿಸ್ಚಾರ್ಜ್ ಉಳಿಯಿತು. ಡಿಸೆಂಬರಿನಿಂದ ಫೆಬ್ರವರಿವರೆಗೆ ಮೇಲಿನ ಒಂದು ಕಾಫಿ ತೋಟದಿಂದ ಪಲ್ಪರ್ ನೀರು (ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು) ಬರುತ್ತದೆ. ಹಳ್ಳ ಕಪ್ಪಾಗಿ ನಾರುತ್ತದೆ. ಕಾಟೇಜ್ ಬಂದರೆ ಬಚ್ಚಲು, ಕಕ್ಕಸಿನ ನೀರೂ ಸೇರುತ್ತದೆ. 'ತ್ಯಾಜ್ಯನೀರು' ಅಂತ ಹಾಕಲಾ? 'ನೀರಿನ ಗುಣಮಟ್ಟ ಕಾಪಾಡಿ' ಅಂತ ಒಂದು ಸಾಲು ಬೇಕು ಅಂತ ಪಂಚಾಯ್ತಿಯವರ ಆಸೆ.

ಚಿಕ್ಕಮಗಳೂರಿನಿಂದ

ತ್ಯಾಜ್ಯನೀರು ಬೇಡ. ತೋಟದವರು "ನಮ್ಮದು ಬರೀ ಹಣ್ಣು ತೊಳೆದ ನೀರು, ತ್ಯಾಜ್ಯ ಅಲ್ಲ" ಅಂತಾರೆ. ಆ ಸಿಹಿ ಅಂಟು ಹುಳಿಯಾಗಿ ನೀರಿನ ಆಮ್ಲಜನಕವನ್ನೆಲ್ಲ ಎಳೆದುಕೊಳ್ಳುತ್ತದೆ, ಮೀನು ಸಾಯುವುದು ಅದಕ್ಕೇ. ಪಲ್ಪರ್ ನೀರು ಅಂತ ಹೆಸರು ಹಿಡಿದೇ ಬರೆಯಿರಿ.

'ಗುಣಮಟ್ಟ' ಬಗ್ಗೆ ಒಂದು ಗೊಂದಲ ಇದೆ, ಅನುವಾದದಲ್ಲಿ ನಾನೂ ಎಡವಿದ್ದೇನೆ. ಕೊಳವೆಯಿಂದ ಬಿಡುವ ನೀರಿಗೆ ಒಂದು ಮಿತಿ. ಹಳ್ಳದ ನೀರು ಹೇಗಿರಬೇಕು ಅನ್ನುವುದು ಬೇರೆ ಲೆಕ್ಕ. ನದಿ ಹಳ್ಳಕ್ಕೆ ಬಿಡುವ ನೀರಿಗೆ ಸಾಮಾನ್ಯ ಮಿತಿ ಲೀಟರಿಗೆ 30 ಮಿಲಿಗ್ರಾಂ ಬಿಒಡಿ (ನೀರಿನ ಕೊಳೆ ಎಷ್ಟು ಆಮ್ಲಜನಕ ಎಳೆದುಕೊಳ್ಳುತ್ತದೆ ಅನ್ನುವ ಅಳತೆ). ಬರೀ ಸೋಂಕು ಕಳೆದು ಕುಡಿಯಬಹುದಾದ 'ಎ' ದರ್ಜೆಯ ಮೂಲದಲ್ಲಿ ಅದು 2ಕ್ಕಿಂತ ಜಾಸ್ತಿ ಇರಬಾರದು. ಮಿತಿಯೊಳಗೇ ಬಿಟ್ಟರೂ ಬೇಸಿಗೆಯ ಸಣ್ಣ ಹಳ್ಳ ಕೆಡಬಹುದು. ಎರಡಕ್ಕೂ ಗುಣಮಟ್ಟ ಅಂದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಬೋರ್ಡಿಗೆ ಅದೆಲ್ಲ ಯಾಕೆ? 'ಕುಡಿಯುವ ನೀರು' ಅಂದರೆ ಸಾಕಲ್ವಾ?

ಸಕಲೇಶಪುರದಿಂದ

ಫಿಲ್ಲಿಂಗಿಗೆ 'ಭರ್ತಿ' ಬೇಡ. ಭರ್ತಿ ಅಂದರೆ ಕೆಲಸಕ್ಕೆ ಜನ ತಗೊಳ್ಳೋದು, ಇಲ್ಲಾ ಅರ್ಜಿ ತುಂಬೋದು. 'ಮಣ್ಣು ಹೊಡೆಯಬಾರದು' ಅನ್ನಿ. ಲಾರಿ ಡ್ರೈವರಿಗೆ ಅರ್ಥವಾಗಬೇಕು, ಅವನೇ ಅಲ್ವಾ ಓದುವವನು.

ಮೂಡಿಗೆರೆಯಿಂದ

ಹೀಗೆ ಕಳಿಸುತ್ತಿದ್ದೇನೆ:

'ಇದು ಹಡ್ಲು. ಹಳ್ಳ ಹುಟ್ಟುವ ಜಾಗ. ಇಲ್ಲಿ ಮಣ್ಣು ಹೊಡೆಯಬಾರದು. ಪಲ್ಪರ್ ನೀರು, ಬಚ್ಚಲು ನೀರು, ಕಕ್ಕಸಿನ ನೀರು ಹಳ್ಳಕ್ಕೆ ಬಿಡಬಾರದು. ಕೆಳಗಿನ ಮನೆಗಳಿಗೆ ಇದು ಕುಡಿಯುವ ನೀರು. 1974ರ ಜಲ ಕಾಯ್ದೆ, ಕಲಂ 24. – ಗ್ರಾಮ ಪಂಚಾಯ್ತಿ'

ಅತ್ತೆಗೆ ಓದಿದೆ. ಈ ಸಲ ನಗಲಿಲ್ಲ. "ಹಡ್ಲು ಅಂತ ಯಾಕೆ ಬರೀಬೇಕು, ನೋಡಿದ್ರೆ ಗೊತ್ತಾಗಲ್ವಾ?" ಅಂದರು.

ಹಾಸನದಿಂದ

ಹಡಿಲು.

ಚಿಕ್ಕಮಗಳೂರಿನಿಂದ

ಮೇಡಂ, 24ನೇ ಕಲಂ ಅನ್ನು ನೀರಿನ ಸಾಲಿನ ಕೆಳಗೇ ಹಾಕಿಸಿ. ಮಣ್ಣಿನ ಸಾಲಿಗೆ ಅದು ಪೂರ್ತಿ ಹೊಂದುವುದಿಲ್ಲ. ಹರಿವು ತಡೆದು ನೀರು ಇನ್ನಷ್ಟು ಕೆಟ್ಟರೆ ಮಾತ್ರ ಹಿಡಿಯಬಹುದು. ಮಣ್ಣಿಗೆ ಕಂದಾಯದವರ ಹತ್ತಿರವೇ ಹೋಗಬೇಕು, ಬಿ ಖರಾಬಿನ ನಕ್ಷೆ ಹಿಡಿದುಕೊಂಡು.

ಮೂಡಿಗೆರೆಯಿಂದ

ಸರಿ, ಸಾಲು ಬದಲಾಯಿಸಿದೆ. ಅಂಗಡಿಯವರು ಫೋನ್ ಮಾಡಿದ್ದರು. ಯುನಿಕೋಡ್ ಅವರ ಕಂಪ್ಯೂಟರಿನಲ್ಲಿ ಒಡೆಯುತ್ತದಂತೆ, ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕಳಿಸಿ ಅಂದರು. ಯಾರ ಹತ್ತಿರವಾದರೂ ನುಡಿ ಇದೆಯಾ? ಬೇಗ ಹೇಳಿ.