ಮಳೆಗಾಲದ ಕುದುರೆಮುಖ: ರೇನ್ ಕವರ್ ಹಾಕಿದ್ರೂ ಬ್ಯಾಗ್ ಒಳಗೆ ನೀರು, ಏನು ಮಾಡೋದು?

ಮಳೆಹುಚ್ಚ:
ಜುಲೈ ಕೊನೇ ವಾರ ಮುಳ್ಳೋಡಿಯಿಂದ ಕುದುರೆಮುಖ ಹತ್ತಬೇಕು ಅಂತಿದೀವಿ, ನಾಲ್ಕು ಜನ. 30 ಲೀಟರ್ ಬ್ಯಾಗ್. ಕವರ್ ಹಾಕಿದ್ರೂ ಜೋರು ಮಳೆಗೆ ಒಳಗಿನ ಬಟ್ಟೆ ತೊಯ್ಯುತ್ತೆ. ದುಬಾರಿ ಕವರ್ ತಗೊಂಡ್ರೆ ಸರಿಹೋಗುತ್ತಾ? ವಾಟರ್‌ಪ್ರೂಫ್ ಶೂ ಬೇಕೇಬೇಕಾ? ಉಂಬಳಕ್ಕೆ (ಜಿಗಣೆಗೆ) ಉಪ್ಪು ಸಾಕಾ?

ಘಟ್ಟದ_ದಾರಿ:
ಕವರಿಗೆ ದುಡ್ಡು ಸುರೀಬೇಡಿ. ಬೆನ್ನಿಗೆ ತಾಗೋ ಭಾಗವನ್ನ ಯಾವ ಕವರೂ ಮುಚ್ಚಲ್ಲ. ಕತ್ತಿನಿಂದ ಇಳಿದ ನೀರು ಭುಜದ ಪಟ್ಟಿ ಹಿಡ್ಕೊಂಡು ಬೆನ್ನಿನ ಸ್ಪಂಜಿಗೆ ಸೇರಿ, ಹೊಲಿಗೆ ತೂತಿನಿಂದ ಒಳಗೆ ಹೋಗುತ್ತೆ. ಉಳಿದದ್ದು ಕವರಿನ ತಳದಲ್ಲೇ ನಿಂತು ಬ್ಯಾಗಿನ ಬುಡ ನೆನೆಸುತ್ತೆ.

ಬ್ಯಾಗಿನ ಒಳಗೇ ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ. 30 ಲೀಟರಿಗೆ 50 ಲೀಟರಿನದು, ಬಾಯಿ ಮಡಚೋಕೆ ಉದ್ದ ಬೇಕಲ್ಲ. ಕಸದ ತೆಳು ಚೀಲ ಜಿಪ್ಪಿಗೆ ಸಿಕ್ಕಿ ಹರಿಯುತ್ತೆ. ಗಾಳಿ ಒತ್ತಿ ತೆಗೆದು, ಬಾಯಿಯನ್ನ ಹುರಿ ಥರ ಹೊಸೆದು, ಮಡಚಿ ರಬ್ಬರ್ ಬ್ಯಾಂಡ್ ಹಾಕಿ. ಅದರಲ್ಲಿ ಒಂದು ಜೊತೆ ಬಟ್ಟೆ, ಉಣ್ಣೆ ಕಾಲುಚೀಲ ಇರಲಿ. ತಿಂಡಿ, ಬಾಟಲಿ ಚೀಲದ ಹೊರಗೆ. ದಾರಿಯಲ್ಲಿ ಪದೇ ಪದೇ ಬಾಯಿ ಬಿಚ್ಚಿದ್ರೆ ಮಾಡಿದ್ದೆಲ್ಲ ದಂಡ. ಯಾರಾದ್ರೂ ನಡುಗೋಕೆ ಶುರು ಮಾಡಿದ್ರೆ ಮಾತ್ರ ಮಧ್ಯದಲ್ಲಿ ಬಿಚ್ಚಿ.

ಗೊರಬು:
ವಾಟರ್‌ಪ್ರೂಫ್ ಶೂ ಬೇಡ. ಹಳ್ಳದಲ್ಲಿ ಮೇಲಿಂದ ತುಂಬಿದ ನೀರು ಸಂಜೆವರೆಗೂ ಒಳಗೇ ಇರುತ್ತೆ. ಜಾಲರಿ ಬಟ್ಟೆಯದಾದ್ರೆ ಹತ್ತು ಹೆಜ್ಜೆಗೆ ಸೋರಿ ಹೋಗುತ್ತೆ. ಶೂ ತಳದ ಹಲ್ಲು 4–5 ಮಿ.ಮೀ. ಇರಲಿ. ಪಾಚಿ ಕಟ್ಟಿದ ಬಂಡೆ ಮೇಲೆ ಮಾತ್ರ ಯಾವ ಶೂ ತಳವೂ ನಿಲ್ಲಲ್ಲ, ಪಕ್ಕದ ಮಣ್ಣಿಗೆ ಕಾಲಿಡಿ. ಹೊರಡೋ ಮುಂಚೆ ಬೆರಳ ಸಂದಿಗೆ, ಹಿಮ್ಮಡಿಗೆ ವ್ಯಾಸಲೀನ್ ಹಚ್ಚಿ, ಚರ್ಮ ಸುಲಿಯೋದು ಕಡಿಮೆ. ಜೀನ್ಸ್ ಮನೇಲಿಡಿ.

ಮೈಗೆ? ಏರುವಾಗ ಮುಚ್ಚಿದ ರೇನ್‌ಕೋಟಲ್ಲಿ ಬೆವರಿಂದಲೇ ತೊಯ್ತೀರಿ. ಗದ್ದೆಯವರು ಮಳೆಗೆ ತಲೆ, ಬೆನ್ನು ಮುಚ್ಚೋಕೆ ಹಾಕೋ ಗೊರಬು ಮುಂದೆ ತೆರೆದೇ ಇರುತ್ತೆ ನೋಡಿ, ಗಾಳಿ ಆಡುತ್ತೆ. ತಲೆ ಮೇಲಿಂದ ಹಾಕೋ ಸಡಿಲ ಪೊಂಚೊನೂ ಅದೇ ಲೆಕ್ಕ. ಆದ್ರೆ ದಾರಿಯಲ್ಲಿ ಸಿಗೋ ಒಂಟಿಮರ ಅನ್ನೋ ಜಾಗ ದಾಟಿ ಬೋಳುಗುಡ್ಡಕ್ಕೆ ಬಂದ್ರೆ ಗಾಳಿಗೆ ಕೊಡೆ ಥರ ಮಗುಚುತ್ತೆ, ಸೊಂಟಕ್ಕೊಂದು ದಾರ ಕಟ್ಕೊಳ್ಳಿ.

ಕಾಫಿತೋಟ:
ಉಪ್ಪು ಮೊದಲ ಮಳೆಗೇ ತೊಳೆದು ಹೋಗುತ್ತೆ. ಹೊಗೆಸೊಪ್ಪಿನ ಪುಡಿ ಕೊಬ್ಬರಿ ಎಣ್ಣೇಲಿ ಕಲಸಿ ಶೂ ಮೇಲೆ, ಕಾಲುಚೀಲದ ಹೊರಗೆ ಸವರಿ. ಚರ್ಮಕ್ಕೆ ಬೇಡ, ನಿಕೋಟಿನ್ ಒಳಗೆ ಇಳಿದು ವಾಕರಿಕೆ ಬರಬಹುದು. ಕಚ್ಚಿದ್ರೆ ಬೆಂಕಿಕಡ್ಡಿ ಇಡಬೇಡಿ, ಹೊಟ್ಟೇಲಿದ್ದದ್ದನ್ನ ಗಾಯಕ್ಕೇ ಕಕ್ಕುತ್ತೆ. ಸಣ್ಣಗಿರೋ ಬಾಯಿ ಕಡೆ ಉಗುರು ಜಾರಿಸಿ ಬಿಡಿಸಿ, ತೊಳೆದು ಒತ್ತಿ ಕಟ್ಟಿ. ಉಂಬಳದ ಎಂಜಲಲ್ಲಿರೋ ಹಿರುಡಿನ್ ರಕ್ತ ಹೆಪ್ಪುಗಟ್ಟೋಕೆ ಬಿಡಲ್ಲ, ತುಂಬಾ ಹೊತ್ತು ಸೋರುತ್ತೆ, ಗಾಬರಿ ಬೇಡ.

ಮಳೆಹುಚ್ಚ:
ಬರುವಾಗ ಹಳ್ಳ ಏರಿದ್ರೆ?

ಘಟ್ಟದ_ದಾರಿ:
ನೀರು ಕೆಂಪಾಗಿ ಕಡ್ಡಿ, ಎಲೆ ತೇಲಿ ಬರ್ತಿದ್ರೆ ಇಳೀಬೇಡಿ. ಹರಿವು ಜೋರಾಗಿ ಮೊಣಕಾಲು ಮುಟ್ಟಿದ್ರೂ ಅಷ್ಟೇ. ಮಳೆ ನಿಂತ್ರೆ ಸಣ್ಣ ಹಳ್ಳ ಬೇಗ ಇಳಿಯುತ್ತೆ, ಕಾಯಿರಿ. ದಾಟುವಾಗ ಬ್ಯಾಗಿನ ಸೊಂಟದ ಬಕಲ್ ಬಿಚ್ಚಿರಿ, ಶೂ ಬಿಚ್ಚಬೇಡಿ.